ಹಕ್ಕಲ ಜೋಳದ ಹೆಸರು

ಪರಮಪೂಜ್ಯ ಶ್ರೀ ಗುರುನಿರ್ವಾಣ ಸ್ವಾಮಿಗಳವರು ಗದ್ದುಗೆಯ ಮೇಲೆ ಕುಳಿತದ್ದನ್ನು ನಾನು ಕಂಡದ್ದು ಕಡಿಮೆ. ಅಡುಗೆಮನೆಯ ಕಟ್ಟೆಯಲ್ಲಿ ಮೊರ ಹಿಡಿದು, ಜೋಳದೊಳಗಿನ ಹರಳು ಆರಿಸುತ್ತ ಕುಳಿತಿರುತ್ತಿದ್ದುದೇ ಹೆಚ್ಚು. ಕಲ್ಲಹಳ್ಳದ ಮಠದ ಪ್ರಸಾದನಿಲಯದಲ್ಲಿ ಉಂಡು ಕಾಲೇಜು ಕಲಿತ ನಾವು ಮುನ್ನೂರು ಹುಡುಗರು. ಇಂದಿಗೂ ಇಬ್ಬರು ಕೂಡಿದರೆ ಮಾತು ಅಲ್ಲಿಗೇ ಹೋಗಿ ನಿಲ್ಲುತ್ತದೆ. ನಿವೃತ್ತನಾದ ಮೇಲೆ ನನಗಂತೂ ಕೇಳುವವರು ಸಿಕ್ಕರೆ ಸಾಕು, ಹಬ್ಬ! ಇರಲಿ, ಪ್ರಸಂಗಕ್ಕೆ ಬರುತ್ತೇನೆ.

ನನ್ನ ಕೋಣೆಯ ಜೊತೆಗಾರ ಶಂಭುಲಿಂಗನಿಗೆ ವಕೀಲನಾಗುವ ಹಂಬಲ. ಆದರೆ ಸಭೆ ಕಂಡರೆ ನಾಲಗೆ ಅಂಗುಳಕ್ಕೆ ಅಂಟುತ್ತಿತ್ತು. ಹಿಂದಿನ ವರ್ಷ ಚರ್ಚಾಸ್ಪರ್ಧೆಯಲ್ಲಿ ಮೂರು ವಾಕ್ಯ ಹೇಳಿ, ನಾಲ್ಕನೆಯದು ಮರೆತು, ವೇದಿಕೆಯ ಹಿಂದಿನಿಂದ ಜಿಗಿದು ಓಡಿದ್ದ. ಈ ಸಲ ಛಲದಿಂದ ಮತ್ತೆ ಹೆಸರು ಕೊಟ್ಟಿದ್ದ. ಬಾಯಲ್ಲಿ ಹರಳು ಇಟ್ಟುಕೊಂಡು ಮಾತಾಡಿದರೆ ನಾಲಗೆ ಪಳಗುತ್ತದೆಂದು ಯಾರೋ ಹೇಳಿದ್ದನ್ನು ನಂಬಿ, ಬಾವಿಯ ಬಳಿ ನಿಂತು ದಿನವೂ ಒದರುತ್ತಿದ್ದ. ಒಂದು ಹರಳನ್ನು ನುಂಗಿಯೂ ಬಿಟ್ಟಿದ್ದ ಅನ್ನಿ.

ಸ್ಪರ್ಧೆ ಸೋಮವಾರ. ರವಿವಾರ ಮಧ್ಯಾಹ್ನ ಚರ್ಚಾಕೂಟದ ಅಧ್ಯಾಪಕರಾದ ಮುದೇನೂರ ಸರ್ ಮಠಕ್ಕೇ ಬಂದರು. ಮಾತಿನಲ್ಲಿ ಅವರನ್ನು ಮೀರಿಸುವವರು ಆ ಜಿಲ್ಲೆಯಲ್ಲಿರಲಿಲ್ಲ.

"ಅಜ್ಜಾರ, ತಪ್ಪು ತಿಳೀಬ್ಯಾಡ್ರಿ. ನಾಳೆ ಹೊರಗಿನ ಕಾಲೇಜಿನವರು ಬರ್ತಾರ. ಈ ಹುಡುಗ ಮತ್ತ ಓಡಿದ್ರ ನಮ್ಮ ಮಾನ ಏನಾಗಬೇಕು? ಇವನ ಹೆಸರು ಹೊಡೆದು ಹಾಕ್ತೀನಿ. ಆಶೀರ್ವಾದದಿಂದ ಭಾಷಣ ಬರಂಗಿಲ್ರಿ."

ಪೂಜ್ಯರು ಮೊರ ಕೆಳಗಿಟ್ಟು ಶಂಭುಲಿಂಗನ ಉಬ್ಬಿದ ಕೆನ್ನೆಯನ್ನು ನೋಡಿದರು.

"ಬಾಯಾಗ ಏನೈತಿ ತಮ್ಮಾ?"

ಅವನು ಹರಳನ್ನು ಅಂಗೈಗೆ ಉಗುಳಿದ.

"ನಾ ಕಾಳಿನಾಗಿನ ಹರಳ ತೆಗೀತೀನಿ, ನೀ ಬಾಯಾಗ ಹಾಕ್ಕೊಂತೀಯಲ್ಲೋ! ಇವತ್ತಿನ ಹೆಸರು ನೀ ಹೇಳು." ಅಧ್ಯಾಪಕರ ಕಡೆ ತಿರುಗಿ ನಕ್ಕರು. "ಸರ, ಉಂಡು ಹೋಗ್ರಿ. ಆಮ್ಯಾಲೆ ಹೆಸರು ಹೊಡೀರಂತ."

ಇಲ್ಲಿ ಮಠದ ಪದ್ಧತಿಯನ್ನು ಹೇಳಬೇಕು. ಶನಿವಾರ ಪೂಜ್ಯರು ಜೋಳಿಗೆ ಹಿಡಿದು ಹಳ್ಳಿಗೆ ಹೋಗುತ್ತಿದ್ದರು. ರವಿವಾರ ಅದೇ ಜೋಳದ ನುಚ್ಚು. ಕೊಟ್ಟವರ ಹೆಸರನ್ನು ಒಬ್ಬ ವಿದ್ಯಾರ್ಥಿ ಪಂಕ್ತಿಯ ನಡುವೆ ನಿಂತು ಹೇಳುವವರೆಗೆ ಯಾರೂ ತುತ್ತು ಎತ್ತುವಂತಿಲ್ಲ. ಆ ಶನಿವಾರ ಪೂಜ್ಯರ ಹಿಂದೆ ಚೀಲ ಹೊತ್ತು ಬೂದಿಹಾಳಕ್ಕೆ ಹೋದವನು ಶಂಭುಲಿಂಗನೇ.

ಮುನ್ನೂರು ತಾಟುಗಳಲ್ಲಿ ನುಚ್ಚಿನ ಹಬೆ ಏಳುತ್ತಿತ್ತು. ಶಂಭುಲಿಂಗ ಎದ್ದು ನಿಂತ.

"ಪರಮ ಉದಾರಿಗಳೂ, ದಾನಶೂರರೂ ಆದ... ಆದ..."

ಅಷ್ಟೇ. ಬಾಯಿಪಾಠದ ದಾರ ಕಡಿಯಿತು. ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ.

"ಓಡ್ತಾನ ನೋಡು," ನನ್ನ ಪಕ್ಕದವನು ಪಿಸುಗುಟ್ಟಿದ. ಹಿಂದಿನ ಸಾಲಿನಿಂದ "ನುಚ್ಚು ಆರಿತೋ ಮಾರಾಯ!" ಎಂಬ ಕೂಗು, ನಗೆ. ಮುದೇನೂರ ಸರ್ ಕೈಗಡಿಯಾರ ನೋಡಿಕೊಂಡರು. ಶಂಭುಲಿಂಗನ ಕಣ್ಣು ಬಾಗಿಲ ಕಡೆ ಹೋಯಿತು. ಒಂದು ಕಾಲೂ ಆ ಕಡೆ ಸರಿಯಿತು.

ಬಾಗಿಲ ಹತ್ತಿರ ಒಬ್ಬ ಮುದುಕಿ ಕುಳಿತಿದ್ದಳು. ಬೂದಿಹಾಳದಿಂದ ನಡೆದು ಬಂದವಳು. ಕಿವಿಗೆ ಕೈ ಹಚ್ಚಿ ಆಲಿಸುತ್ತಿದ್ದಳು.

ಪೂಜ್ಯರು ಅಲ್ಲಿಯವರೆಗೂ ಕುಳಿತೇ ಇರಲಿಲ್ಲ. ಕೈಮುಗಿದು ನಿಂತಿದ್ದವರು ಮೆಲ್ಲಗೆ ನುಡಿದರು:

"ಸಭೆಗೆ ಬ್ಯಾಡ ತಮ್ಮಾ. ಆ ತಾಯಿಗೆ ಹೇಳು."

ಶಂಭುಲಿಂಗನ ಮುಖ ಕಪ್ಪಿಟ್ಟಿತು. ಮುಂದೆ ಹೇಳಿದ್ದು ಅವನು ಬರೆದುಕೊಂಡದ್ದಲ್ಲ.

"ನಾ... ನಾಗವ್ವ. ಬೂದಿಹಾಳದ ನಾಗವ್ವ. ಆಕಿಗೆ ಹೊಲ ಇಲ್ಲ. ಸುಗ್ಗಿ ಮುಗಿದ ಮ್ಯಾಲೆ ಮಂದಿ ಹೊಲದಾಗ ಉಳಿದ ಹಕ್ಕಲ ತೆನಿ ಆರಿಸ್ಯಾಳ. ಬಡವಿ, ಏನು ಕೊಟ್ಟಾಳು ಅಂತ ನಿನ್ನೆ ಅಜ್ಜಾರನ್ನ ಆಕಿ ಮನಿ ದಾಟಿಸಿದಾಂವ ನಾನ. ಬೊಗಸಿ ತುಂಬ ಜೋಳ ಹಿಡಕೊಂಡು ಹಿಂದ ಓಡಿ ಬಂದ್ಲು. 'ನನ್ನ ಮನಿ ಯಾಕ ಬಿಟ್ಟೆಪಾ' ಅಂದ್ಲು. ನಾ... ನಾ ಉತ್ತರ ಕೊಡಲಿಲ್ಲ. ಈಗ ಕೊಡ್ತೀನಿ. ತಪ್ಪಾತು ಯವ್ವಾ. ಇವತ್ತು ಎಲ್ಲಾರ ತಾಟಿನಾಗ ನಿನ್ನ ಬೊಗಸಿ ಐತಿ."

ಎರಡು ಸಲ ತೊದಲಿದ. ಯಾರಿಗೆ ಲೆಕ್ಕ? ಉಳಿದ ಹೆಸರುಗಳನ್ನೂ ಒಂದೊಂದಾಗಿ ಹೇಳಿ ಮುಗಿಸಿದ. ನಾಗವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಇನ್ನ ಉಣ್ರಪ್ಪಾ," ಎಂದು ಪೂಜ್ಯರು ಅಪ್ಪಣೆ ಕೊಟ್ಟರೂ ಮುನ್ನೂರು ಕೈಗಳು ಒಂದು ಗಳಿಗೆ ತಾಟಿಗೆ ಇಳಿಯಲಿಲ್ಲ.

ಮುದೇನೂರ ಸರ್ ಹೆಸರು ಹೊಡೆಯಲಿಲ್ಲ. ಸೋಮವಾರ ಶಂಭುಲಿಂಗ ನಾಲ್ಕನೆಯ ವಾಕ್ಯಕ್ಕೆ ಮತ್ತೆ ನಿಂತ; ಓಡಲಿಲ್ಲ. ಸಭೆಯಲ್ಲಿ ಒಂದು ಮುಖ ಹುಡುಕಿಕೊಂಡು, ಅದಕ್ಕೆ ಹೇಳಿ ಮುಗಿಸಿ ಇಳಿದ. ಬಹುಮಾನ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ!

ಮುಂದಿನ ಶನಿವಾರ ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಕೆಳಗೆ ಬೂಟು ಕಳಚಿಟ್ಟು ನಿಂತವರು ಮುದೇನೂರ ಸರ್. "ಅಜ್ಜಾರ, ಇವತ್ತು ಚೀಲ ನಾ ಹೊರ್ತೀನ್ರಿ." ಪೂಜ್ಯರು ಚೀಲವನ್ನು ಅವರ ಹೆಗಲಿಗೆ ಹಾಕಿದರು.

ರವಿವಾರ ಹೆಸರು ಹೇಳಲು ಪಂಕ್ತಿಯ ನಡುವೆ ಅವರೇ ನಿಂತರು. ಇಪ್ಪತ್ತು ವರ್ಷ ಮಾತು ಕಲಿಸಿದ ಆ ಮಹಾವಾಗ್ಮಿಗೆ ಮೊದಲ ಹೆಸರಿಗೇ ಕೊರಳು ಕಟ್ಟಿತು.

ನುಚ್ಚು ಆರುತ್ತಿತ್ತು. ನಾವು ಮುನ್ನೂರು ಹುಡುಗರು ಕಾಯ್ದೆವು. ಒಬ್ಬರೂ ನಗಲಿಲ್ಲ.