ಗೀರು ಬೀಳದ ಪ್ಲೇಟು

ಫಣಿರಾಯರ ಬೀರುವಿನಲ್ಲಿ ಒಂದು ಹಳೆಯ ಗ್ರಾಮಫೋನ್ ಪ್ಲೇಟಿತ್ತು. ಎಂದೋ ತೀರಿಹೋದ ಹೆಸರಾಂತ ಸಂಗೀತ ನಿರ್ದೇಶಕನೊಬ್ಬ ದೊಡ್ಡ ವಾದ್ಯವೃಂದವನ್ನು ಕೈಸನ್ನೆಯಲ್ಲೇ ನುಡಿಸಿದ ಸಂಗೀತ ಅದರಲ್ಲಿತ್ತು. ಸವೆದೀತೆಂದು ರಾಯರು ಅದನ್ನು ಒಮ್ಮೆಯೂ ಹಾಕಿರಲಿಲ್ಲ. ಬಂದವರಿಗೆ ಮೇಲಿನ ಲಕೋಟೆಯನ್ನಷ್ಟೇ ತೋರಿಸಿ ಒಳಗಿಡುತ್ತಿದ್ದರು.

ಒಂದು ಮಳೆಗಾಲ ಪಕ್ಕದ ಪ್ಲೇಟಿಗೆ ಬೂಷ್ಟು ಹಿಡಿದು, ಅದು ಒಮ್ಮೆಯೂ ಹಾಡದೆ ಸತ್ತಿತು. ಅದನ್ನು ಕಂಡು ಈ ಪ್ಲೇಟು ಮನಸ್ಸು ಗಟ್ಟಿ ಮಾಡಿತು. ಕಾಫಿಯ ಹೊತ್ತಿಗೆ ಕನ್ನಡಕ ಹಾಕದೆ, ಸಾಲಿನ ತುದಿಯ ಪ್ಲೇಟನ್ನೇ ತೆಗೆದು ಹಾಕುವುದು ರಾಯರ ಅಭ್ಯಾಸ. ಇದು ಮೆಲ್ಲಗೆ ಸರಿದು ಸರಿದು ತುದಿಗೆ ಬಂದು ನಿಂತಿತು. ರಾಯರ ಕೈ ಅದನ್ನೇ ತೆಗೆದು ಗ್ರಾಮಫೋನಿನ ಮೇಲಿಟ್ಟಿತು.

"ಇನ್ನೊಮ್ಮೆ ಯೋಚಿಸು," ಎಂದಿತು ಗ್ರಾಮಫೋನಿನ ಮುಳ್ಳು. "ನನ್ನದು ಚೂಪು ಕಾಲು. ನಡೆದಲ್ಲೆಲ್ಲ ನೀನು ಸವೆಯುತ್ತೀಯ."

"ಬೂಷ್ಟಿನ ಕಾಲು ಬಲು ಮೆತ್ತಗಿತ್ತು," ಎಂದಿತು ಪ್ಲೇಟು. "ನೀನು ನಡೆ."

ಸಂಗೀತ ಎದ್ದಿತು. ತಪ್ಪು ಪ್ಲೇಟು ಹಾಕಿದ್ದು ತಿಳಿದು ರಾಯರು ಮುಳ್ಳನ್ನೆತ್ತಲು ಓಡಿಬಂದರು. ಚಾಚಿದ ಕೈ ಅರ್ಧದಲ್ಲೇ ನಿಂತಿತು. ಆಮೇಲೆ ಗಾಳಿಯಲ್ಲೇ ವಾದ್ಯವೃಂದವನ್ನು ನಡೆಸತೊಡಗಿತು.

"ಗೀರು ಬಿತ್ತಲ್ಲ!" ಎಂದಿತು ಮುಳ್ಳು.

"ಬೀಳಲಿ," ಎಂದಿತು ಪ್ಲೇಟು. "ನಿಲ್ಲಬೇಡ."