ಉಪ್ಪಿನೊಡ್ಡು

ಹಾಲಗೋಡು ಗುಡ್ಡದ ಇಳಿಜಾರಿನಲ್ಲಿ ಮೂವತ್ತೆರಡು ಮೆಟ್ಟಿಲುಗದ್ದೆಗಳಿವೆ. ಘಟ್ಟದ ತಿರುವಿನಲ್ಲಿ ಕಾರು ನಿಲ್ಲಿಸಿ ಇಳಿಯುವ ಪ್ರವಾಸಿಗರಿಗೆ ಮೊದಲು ಕಾಣುವುದು ಆ ಗದ್ದೆಗಳ ನೀರಿನಲ್ಲಿ ತುಂಡುತುಂಡಾಗಿ ಹೊಳೆಯುವ ಆಕಾಶ. ಎಲ್ಲಕ್ಕಿಂತ ಮೇಲಿನ ಗದ್ದೆಯ ಬದುವಿಗೆ ಉಪ್ಪಿನೊಡ್ಡು ಎಂದು ಹೆಸರು. ಭತ್ತದ ಗದ್ದೆಗೂ ಉಪ್ಪಿಗೂ ಏನು ನಂಟು ಎಂದು ಕೇಳಿದವರಿಗೆ ಊರ ಹಿರಿಯರು ಬುದವಂತಿಯ ಕಥೆ ಹೇಳುತ್ತಾರೆ.

ಹಿಂದೆ ಒಮ್ಮೆ, ಘಟ್ಟಕ್ಕೆ ಕಾಲುದಾರಿಯಷ್ಟೇ ಇದ್ದ ಕಾಲದಲ್ಲಿ, ಕರಾವಳಿಯ ಬುದವಂತಿ ಎಂಬ ವಿಧವೆ ಎರಡು ಹೇರೆತ್ತುಗಳ ಮೇಲೆ ನಾಲ್ಕು ಗೋಣಿ ಉಪ್ಪು ಹೇರಿಕೊಂಡು ಈ ದಾರಿಯಾಗಿ ಬಂದಳಂತೆ. ಗಂಡ ತೀರಿಕೊಂಡ ಮೇಲೆ ಅವಳೊಬ್ಬಳೇ ಹೊರಟ ಮೊದಲ ಪಯಣ ಅದು. ಆ ಉಪ್ಪಿಗೆ ಬದಲಾಗಿ ಸಿಗುವ ಭತ್ತವೇ ಅವಳ ಮನೆಯ ವರ್ಷದ ಗಂಜಿ. ಸುಗ್ಗಿ ಎನ್ನುವ ಎರಡನೇ ಬೆಳೆಯ ನಾಟಿ ಆಗಷ್ಟೇ ಮುಗಿದಿತ್ತು. ಬಯಲಿನ ಗದ್ದೆಯನ್ನಷ್ಟೇ ಕಂಡಿದ್ದ ಬುದವಂತಿ, ಗುಡ್ಡಕ್ಕೆ ಗುಡ್ಡವೇ ಹಸಿರು ಮೆಟ್ಟಿಲಾಗಿ ನಿಂತದ್ದನ್ನು ನೋಡುತ್ತ ಮೈಮರೆತಳು. ಅಷ್ಟರಲ್ಲಿ ಎತ್ತೊಂದು ಎಳೆ ಸಸಿಯ ಆಸೆಗೆ ಮೇಲಿನ ಬದುವಿನ ಮೇಲೆ ಕಾಲಿಟ್ಟಿತು. ಹೇರಿನ ಭಾರಕ್ಕೆ ಹಸಿ ಬದು ಕುಸಿಯಿತು. ಅವಳು ಹಗ್ಗ ಜಗ್ಗಿ ಎತ್ತನ್ನು ದಾರಿಗೆ ಎಳೆಯುವಷ್ಟರಲ್ಲಿ ಬದು ಬಾಯಿಬಿಟ್ಟು ನೀರು ಕೆಳಗಿನ ಗದ್ದೆಗೆ ನುಗ್ಗುತ್ತಿತ್ತು.

ಊರವರು ಓಡಿಬಂದರು. ಹಾಕಿದ ಮಣ್ಣೆಲ್ಲ ಕೊಚ್ಚಿಹೋಯಿತು. ಆ ನೀರು ಪೂರ್ತಿ ಇಳಿದರೆ ಕೆಳಗೆ ಒಂದು ಬದುವೂ ಉಳಿಯುತ್ತಿರಲಿಲ್ಲ.

"ಆ ಉಪ್ಪಿನ ಮೂಟೆನೇ ಒಡಕಿಗೆ ಒಗೀರೋ!" ಎಂದು ಊರ ಯಜಮಾನ ಕೆರಿಯಜ್ಜ ಕೂಗಿದ.

"ಬ್ಯಾಡ!" ಬುದವಂತಿ ಅಡ್ಡ ನಿಂತಳು. "ಉಪ್ಪು ಕರಗಿದ್ರೆ ಗದ್ದೆನೇ ಸತ್ತೋಗ್ತದೆ. ಕಡಲು ನುಗ್ಗಿದ ಗದ್ದೆ ನಾ ಕಂಡವಳು."

ಗೋಣಿಯ ಕಟ್ಟು ಬಿಚ್ಚುವಾಗ ಮನೆಯ ಬರಿ ಮಡಕೆಗಳು ಕಣ್ಣಿಗೆ ಕಟ್ಟಿದವು. ಕೈ ಒಂದು ಗಳಿಗೆ ತಡೆಯಿತು. ಆಮೇಲೆ ತಡೆಯಲಿಲ್ಲ. ನಾಲ್ಕೂ ಗೋಣಿಯ ಉಪ್ಪನ್ನು ದಾರಿಯಾಚೆಯ ಕಮರಿಗೆ ಸುರಿದು, ಖಾಲಿ ಗೋಣಿಗಳಿಗೆ ಮಣ್ಣು ತುಂಬಿಸಿದಳು. ಒಡಕಿಗೆ ತಾನೇ ಇಳಿದು, ಬೆನ್ನು ಕೊಟ್ಟು ಮೂಟೆಗಳನ್ನು ತಡೆದು ನಿಂತಳು. ಊರವರು ಹಿಂದಿನಿಂದ ಕಲ್ಲು, ಕೆಸರು ಒಟ್ಟಿದರು. ಹೊತ್ತು ಇಳಿಯುವಾಗ ನೀರು ನಿಂತಿತು.

"ನಿನ್ನ ಉಪ್ಪೆಲ್ಲ ಹೋಯ್ತಲ್ಲ ತಂಗಿ," ಎಂದ ಕೆರಿಯಜ್ಜ.

"ಕಡಲಲ್ಲಿ ಉಪ್ಪು ಮತ್ತೆ ಆಗ್ತದೆ ಅಜ್ಜ. ಈ ಸಸಿ ಈ ವರ್ಷ ಮತ್ತೆ ಆಗ್ತಿತ್ತಾ?"

ಬದು ಗಟ್ಟಿಯಾಗುವ ತನಕ ಅವಳು ಅಲ್ಲಿಂದ ಕದಲಲಿಲ್ಲ. ಹದಿನೈದು ದಿನವೂ ತನ್ನ ಕೈಯಿಂದಲೇ ಕೆಸರು ಮೆತ್ತಿದಳು. ಹೊರಟ ದಿನ ಊರವರು ಮನೆಮನೆಯಿಂದ ಭತ್ತ ಕೂಡಿಸಿ ಎರಡೂ ಎತ್ತಿಗೆ ಹೇರಿ ಕಳಿಸಿದರು ಎನ್ನುತ್ತಾರೆ.

ಅಂದಿನಿಂದ ಉಳಿದ ಬದುಗಳ ಮೇಲೆ ಹೊರಗಿನವರು ಕಾಲಿಡುವಂತಿಲ್ಲ. ಉಪ್ಪಿನೊಡ್ಡಿನ ಮೇಲೆ ಯಾರು ಬೇಕಾದರೂ ನಡೆಯಬಹುದು, ಆದರೆ ಒಂದು ಹಿಡಿ ಕೆಸರು ಮೆತ್ತಿಯೇ ಮುಂದೆ ಹೋಗಬೇಕು. ಈಗಲೂ ಪ್ರವಾಸಿಗರು ಚಪ್ಪಲಿ ಕಳಚಿಟ್ಟು, ಅಂಗಿಯ ತೋಳು ಮಡಿಸಿ, ಗದ್ದೆಗೆ ಬಾಗುವುದನ್ನು ಅಲ್ಲಿ ಕಾಣಬಹುದು. ಒಂದು ಮೊಳವಿದ್ದ ಆ ಬದು ಇಂದು ಎರಡು ಎತ್ತು ಜೊತೆಯಾಗಿ ನಡೆಯುವಷ್ಟು ಅಗಲವಾಗಿದೆ.