ಹತ್ತು ಸಾವಿರ ಜನರ ಬಾವಿ

“ಹತ್ತು ಸಾವಿರ ಜನ ಸೇರಬೇಕು. ಒಬ್ಬರು ಕಡಿಮೆಯಾದರೂ ನಾನು ಬಾವಿ ಉದ್ಘಾಟಿಸುವುದಿಲ್ಲ!” ಎಂದ ಮಾಣಿಕಪಟ್ಟಣದ ದೊರೆ ಉದ್ದಂಡನಾಯಕ.

ಮಾಣಿಕಪಟ್ಟಣದಲ್ಲಿ ಇದ್ದುದೇ ನಾನೂರು ಜನ. ಅದೂ ತೊಟ್ಟಿಲ ಕೂಸುಗಳನ್ನು ಸೇರಿಸಿ.

ದೊರೆಯ ತಲೆಗೆ ಈ ಹುಳ ಬಿಟ್ಟವರು ವರ್ತಕರ ಸಂಘದ ಅಧ್ಯಕ್ಷರಾದ ಅಡಿವೆಪ್ಪ ಶೆಟ್ಟರು. ಪಕ್ಕದ ಊರಿನ ವರ್ತಕರು ಒಂದು ಛತ್ರ ಕಟ್ಟಿಸಿ ಒಂಬತ್ತು ಸಾವಿರ ಜನರನ್ನು ಸೇರಿಸಿದ್ದರಂತೆ. ಆ ಸುದ್ದಿ ಕೇಳಿದಂದಿನಿಂದ ಶೆಟ್ಟರಿಗೆ ಊಟ ರುಚಿಸುತ್ತಿರಲಿಲ್ಲ.

ಶೆಟ್ಟರು ಕೆಟ್ಟವರಲ್ಲ. ಸಂಘದ ವತಿಯಿಂದ ಊರಿಗೆ ಎಷ್ಟೋ ಕೆಲಸ ಮಾಡಿಸಿದ್ದರು. ಆದರೆ ಉದ್ಘಾಟನೆಯಾಗದ ಯಾವುದನ್ನೂ ಯಾರೂ ಮುಟ್ಟಕೂಡದು. ಹೋದ ವರ್ಷ ಪೇಟೆಯ ಬೇವಿನಮರಕ್ಕೆ ಕಟ್ಟೆ ಕಟ್ಟಿಸಿ, ಅದರ ನೆರಳನ್ನೂ ಉದ್ಘಾಟಿಸಿದ್ದರು. ಅಲ್ಲಿಯವರೆಗೆ ಹದಿನೇಳು ದಿನ ಜನ ಮರದ ಪಕ್ಕದಲ್ಲೇ ಬಿಸಿಲಲ್ಲಿ ಕೂತಿದ್ದರು.

ಈ ಸಲ ಪೇಟೆಬಾವಿಯ ಹೂಳೆತ್ತಿಸಿದ್ದರು. ಎಳನೀರಿನಂಥ ನೀರು ಬಂದಿತ್ತು. ಶೆಟ್ಟರು ಬಾವಿಯ ಸುತ್ತ ಚೆಂಡುಹೂವಿನ ಹಾರ ಕಟ್ಟಿಸಿ ಇಬ್ಬರು ಕಾವಲುಗಾರರನ್ನು ನಿಲ್ಲಿಸಿದರು. ಉದ್ಘಾಟನೆಗೆ ಮೊದಲೇ ನೀರಿಗಿಳಿದಿದ್ದ ಒಂದು ಕಪ್ಪೆಯನ್ನು ಕಾವಲುಗಾರರು ಹಿಡಿದು, ಬೈದು, ಹೊರಗೆ ಹಾಕಿದರು.

ಎರಡು ತಿಂಗಳಾಯಿತು. ಸುಡುಬಿಸಿಲು. ಹೆಂಗಸರು ಹಾರ ಹಾಕಿದ ಬಾವಿಯ ಮುಂದೆಯೇ ನಡೆದು, ಹರದಾರಿ ದೂರದ ಕೆರೆಯಿಂದ ನೀರು ಹೊರುತ್ತಿದ್ದರು. ಕುಂಬಾರರ ಹಾಲವ್ವನ ತುಂಬು ಬಸುರಿ ಸೊಸೆ ಒಂದು ದಿನ ದಾರಿಯಲ್ಲೇ ತಲೆಸುತ್ತಿ ಬಿದ್ದಳು. ಹಾಲವ್ವ ನೆಟ್ಟಗೆ ಅರಮನೆಗೆ ಹೋಗಿ, ಆಸ್ಥಾನದ ಚತುರ ಚಿಕ್ಕರಸಪ್ಪನನ್ನು ಹಿಡಿದಳು.

“ಅಪ್ಪಾ, ನನ್ನ ಸೊಸೆ ಇವತ್ತು ಉಳಿದುಕೊಂಡಳು. ನಾಳೆ ಏನು ಗತಿ? ಆ ಹತ್ತು ಸಾವಿರ ಜನ ಯಾವಾಗ ಹುಟ್ಟುತ್ತಾರೆ?”

ಚಿಕ್ಕರಸಪ್ಪನಿಗೆ ನಗು ಬರಲಿಲ್ಲ. “ಶುಕ್ರವಾರ ಕೊಡ, ಹಗ್ಗ ತೆಗೆದುಕೊಂಡು ಬಾವಿಯ ಹತ್ತಿರ ಬಾರವ್ವ” ಎಂದ.

ಮರುದಿನ ಅವನು ದೊರೆಯ ಮುಂದೆ ನಿಂತ. “ಪ್ರಭು, ಜನ ಸೇರಿಸುವ ಹೊಣೆ ನನ್ನದು. ಶುಕ್ರವಾರ ಸಮಾರಂಭ. ಉಪಾಹಾರದ ವ್ಯವಸ್ಥೆಯನ್ನೂ ನನಗೇ ಬಿಡಬೇಕು.”

“ಕುಡಿಯುವ ನೀರು?” ಎಂದು ಶೆಟ್ಟರು ಕೇಳಿದರು.

“ಏನು ಶೆಟ್ಟರೇ! ಬಾವಿ ಉದ್ಘಾಟನೆಗೆ ಯಾರಾದರೂ ಬೇರೆ ಕಡೆಯಿಂದ ನೀರು ಹೊತ್ತು ತರುತ್ತಾರೆಯೇ? ಪಕ್ಕದ ಊರಿನವರು ನಗುವುದಿಲ್ಲವೇ?”

“ಒಂದು ತಂಬಿಗೆಯೂ ತರಕೂಡದು!” ಎಂದು ಶೆಟ್ಟರೇ ಕಟ್ಟಪ್ಪಣೆ ಮಾಡಿದರು.

ಶುಕ್ರವಾರ ಊರಿಗೆ ಊರೇ ಸೇರಿತು. ದೊರೆ ವೇದಿಕೆ ಹತ್ತಿ ಕಣ್ಣಾಡಿಸಿದ. “ಚಿಕ್ಕರಸಪ್ಪ, ಎಷ್ಟು ಜನ?”

“ಸದ್ಯಕ್ಕೆ ನಾನೂರು, ಪ್ರಭು. ಉಳಿದವರಿಗೆ ಕರೆ ಹೋಗಿದೆ. ಅಲ್ಲಿಯವರೆಗೆ ಬಿಸಿಬಿಸಿ ಬಜ್ಜಿ ಸ್ವೀಕರಿಸಬೇಕು.”

ಬಜ್ಜಿ ಹೊರಗೆ ಹೊಂಬಣ್ಣ, ಒಳಗೆ ಅರೆದ ಸೂಜಿಮೆಣಸಿನಕಾಯಿ. ದೊರೆ ಎರಡನ್ನು ಒಟ್ಟಿಗೇ ಬಾಯಿಗೆ ಹಾಕಿಕೊಂಡ. ಶೆಟ್ಟರು ಮೂರು ತಿಂದರು.

ಮೊದಲು ದೊರೆಯ ಕಿವಿ ಕೆಂಪಾಯಿತು. ಆಮೇಲೆ ಮೂಗು. ಆಮೇಲೆ ಅವನು ಆಸನದಿಂದ ಎದ್ದು ನಿಂತಲ್ಲೇ ಕುಣಿಯತೊಡಗಿದ. ಇದೂ ಕಾರ್ಯಕ್ರಮದ ಭಾಗವೆಂದು ಜನ ಚಪ್ಪಾಳೆ ತಟ್ಟಿದರು.

“ನೀರು! ನೀರು!”

“ಬಾವಿಯ ತುಂಬ ಇದೆ, ಪ್ರಭು. ಆದರೆ ಒಂಬತ್ತು ಸಾವಿರದ ಆರುನೂರು ಜನ ಇನ್ನೂ ಬರಬೇಕು.”

“ಐದು ಸಾವಿರ ಸಾಕು!”

“ಪ್ರಭುಗಳ ಮಾತು ಅರ್ಧಕ್ಕೆ ಇಳಿಯಬಾರದು.”

“ಹಾ! ಸ್ಸ್! ಒಂದು ಸಾವಿರ!” ಎಂದು ಶೆಟ್ಟರು ಪಂಚೆಯ ತುದಿಯಿಂದ ನಾಲಿಗೆಗೆ ಗಾಳಿ ಹಾಕಿಕೊಳ್ಳುತ್ತ ಕೂಗಿದರು.

“ಶೆಟ್ಟರೇ, ಪಕ್ಕದ ಊರಿನವರು ಒಂಬತ್ತು ಸಾವಿರ ಸೇರಿಸಿದ್ದರು.”

“ಪಕ್ಕದ ಊರು ಹಾಳಾಗಿ ಹೋಗಲಿ! ನಾನೂರು ಸಾಕು!”

“ಸಾಕು ಅಂದರೆ ಆಯಿತೇ? ಮೊದಲು ಪ್ರಾರ್ಥನೆ, ಆಮೇಲೆ ಸ್ವಾಗತ, ಆಮೇಲೆ ಗಣ್ಯರ ಪರಿಚಯ...”

ದೊರೆ ಚಿಕ್ಕರಸಪ್ಪನ ಎರಡೂ ಕೈ ಹಿಡಿದುಕೊಂಡ. ಕಣ್ಣಲ್ಲಿ ಧಾರಾಕಾರ ನೀರು. “ಅಪ್ಪಾ, ಜನವೂ ಬೇಡ, ಪ್ರಾರ್ಥನೆಯೂ ಬೇಡ. ಯಾರಿಗೆ ಬಾಯಾರಿದೆಯೋ ಅವರೇ ಬಂದು ಸೇದಿಕೊಳ್ಳಲಿ. ಅದೇ ಉದ್ಘಾಟನೆ!”

“ಇದು ರಾಜಾಜ್ಞೆಯೇ?”

“ಆಜ್ಞೆ! ಆಜ್ಞೆ! ಇವತ್ತಿಗೂ, ಇನ್ನು ಮುಂದಕ್ಕೂ!”

ಚಿಕ್ಕರಸಪ್ಪ ಜನರ ಕಡೆ ತಿರುಗಿದ. “ಎಲ್ಲರೂ ಕೇಳಿದಿರಾ? ಎರಡು ತಿಂಗಳಿಂದ ಬಾಯಾರಿ ನಿಂತವಳು ಹಾಲವ್ವ. ಬಾರವ್ವ, ಸರದಿ ನಿನ್ನದು.”

ಹಾಲವ್ವ ಹಾರವನ್ನು ಪಕ್ಕಕ್ಕೆ ಸರಿಸಿ ಕೊಡ ಇಳಿಬಿಟ್ಟಳು. ತುಂಬಿದ ಕೊಡ ಮೇಲೆ ಬಂದಾಗ ದೊರೆ ಅವಳ ಮುಂದೆ ಬೊಗಸೆಯೊಡ್ಡಿ ಬಗ್ಗಿ ನಿಂತಿದ್ದ. ಅವಳಿಗೆ ಅಯ್ಯೋ ಅನ್ನಿಸಿತು. “ನಿಧಾನಕ್ಕೆ ಕುಡಿಯಪ್ಪಾ, ನೆತ್ತಿಗೆ ಹತ್ತೀತು” ಎನ್ನುತ್ತ ನೀರು ಹೊಯ್ದಳು. ಅವನ ನಂತರ ಶೆಟ್ಟರಿಗೂ ಹೊಯ್ದಳು.

ಮೂರನೆಯ ಕೊಡ ಮುಗಿಯುವ ಹೊತ್ತಿಗೆ ದೊರೆಗೆ ಎಲ್ಲವೂ ಅರ್ಥವಾಗಿತ್ತು. ಅವನು ಚಿಕ್ಕರಸಪ್ಪನನ್ನು ದುರುಗುಟ್ಟಿ ನೋಡಿದ. ಬಾವಿಯ ಸುತ್ತ ಹಗ್ಗ ಹಿಡಿದು ನಗುತ್ತಿದ್ದ ಹೆಂಗಸರನ್ನು ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ತಾನೂ ನಕ್ಕುಬಿಟ್ಟ. ತನ್ನ ಜರಿಶಾಲು ತೆಗೆದು ಚಿಕ್ಕರಸಪ್ಪನಿಗೆ ಹೊದಿಸಿದ.

ಶೆಟ್ಟರು ಮಾತ್ರ ಊದಿದ ನಾಲಿಗೆಯಲ್ಲೇ ತೊದಲುತ್ತ ವೇದಿಕೆ ಹತ್ತಿದರು. “ತಡೆಯಿರಿ! ಅಧ್ಯಕ್ಷರ ಭಾಷಣ ಬಾಕಿಯಿದೆ!”

“ಅಗತ್ಯವಾಗಿ ಮಾಡಿ ಶೆಟ್ಟರೇ” ಎಂದು ಚಿಕ್ಕರಸಪ್ಪ ತಟ್ಟೆಯನ್ನು ಮುಂದೆ ಹಿಡಿದ. “ಇಗೋ, ನಾಲ್ಕು ಬಜ್ಜಿ ಉಳಿದಿವೆ. ಹೊಟ್ಟೆಗೆ ಹಾಕಿಕೊಂಡೇ ಶುರು ಮಾಡಿ.”

ಶೆಟ್ಟರು ತಟ್ಟೆ ನೋಡಿದರು. ಜನರ ಕಡೆ ನೋಡಿದರು.

“ಎಲ್ಲರಿಗೂ ವಂದನೆ” ಎಂದು ಹೇಳಿ ಕೂತುಬಿಟ್ಟರು.